ಓದಲು ಬಾರದ ಪುಟಕ್ಕೆ ಸಹಿ ಹಾಕಿದವರು

ಅನನ್ಯಾ, ನಿಖಿಲ್,

ನೀವಿಬ್ಬರೂ ಕನ್ನಡ ಕೇಳಿದರೆ ಅರ್ಥ ಮಾಡಿಕೊಳ್ಳುತ್ತೀರಿ, ಓದಲು ಬರುವುದಿಲ್ಲ. ಅದು ಗೊತ್ತಿದ್ದೂ ಇದನ್ನು ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ಯಾಕೆ ಅನ್ನುವುದು ಕೊನೆಗೆ ಬರುತ್ತದೆ.

ಕಳೆದ ವಾರ ನಿಮ್ಮಿಬ್ಬರಿಗೆ ಜಗಳವಾಯಿತಲ್ಲ, ಸ್ಕೂಲಿನ ಪ್ರಾಜೆಕ್ಟನ್ನು ಯಾರು ಅಳಿಸಿದರು ಅಂತ? ನಿಖಿಲ್ ಒಂದು ಗುಂಡಿ ಒತ್ತಿ, ಯಾವ ಸಾಲನ್ನು ಯಾರು ಎಷ್ಟು ಗಂಟೆಗೆ ತೆಗೆದರು ಅನ್ನುವುದನ್ನು ಪರದೆಯ ಮೇಲೆ ತೋರಿಸಿಬಿಟ್ಟ. ಅನನ್ಯಾ, ನಿನ್ನ ಹೆಸರೇ ಅಲ್ಲಿತ್ತು. ನೀನು ಅಳುತ್ತಾ 'ನಾನಲ್ಲ, ನಾನು ಮುಟ್ಟೇ ಇಲ್ಲ' ಅಂದೆ. ನಾನು ನನ್ನ ಕೋಣೆಗೆ ಹೋಗಿ ಟ್ರಂಕು ತೆಗೆದೆ. ಸೀರೆಗಳ ಅಡಿಯಲ್ಲಿ ಹಸಿರು ಬಟ್ಟೆ ಬೈಂಡಿನ ಒಂದು ದಪ್ಪ ನೋಟ್‌ಬುಕ್ ಇದೆ. ನುಸಿಗುಳಿಗೆಯ ವಾಸನೆಯ ನಡುವೆಯೂ ಅದರದ್ದೇ ವಾಸನೆ ಮೂಗಿಗೆ ಬಂತು. ಯಂತ್ರದ ಎಣ್ಣೆ, ಟೈಪ್‌ರೈಟರಿನ ಮಸಿ ರಿಬ್ಬನ್ನು, ಬಿಸಿ ಕಾಗದ... ಐವತ್ತು ವರ್ಷ ದಾಟಿದರೂ ಹೋಗಿಲ್ಲ. ಆ ವಾಸನೆಯ ಹಿಂದೆಯೇ ಅವರೂ ಬಂದರು. ಕೂದಲಿನಲ್ಲಿ ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡು, ಕನ್ನಡಕವನ್ನು ಸರಪಳಿಯಲ್ಲಿ ಎದೆಯ ಮೇಲೆ ಇಳಿಬಿಟ್ಟುಕೊಂಡು, ನಮ್ಮ ಮೇಡಂ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಿಮ್ಮ ತಾತ ಆಸ್ಟಿನ್‌ನಲ್ಲಿ ಓದುತ್ತಿದ್ದರು. ಓದುತ್ತಲೇ ಒಬ್ಬ ಪ್ರೊಫೆಸರ ಕೈಕೆಳಗೆ ಕೆಲಸವನ್ನೂ ಮಾಡುತ್ತಿದ್ದರು. ಟೆಕ್ಸಾಸಿನ ಪಶ್ಚಿಮಕ್ಕೆ ಹತ್ತಿ ಬೆಳೆಯುವ ಕಡೆ ಬಾವಿಗಳಲ್ಲಿ ನೀರು ವರ್ಷವರ್ಷ ಎಷ್ಟು ಕೆಳಗಿಳಿಯುತ್ತಿದೆ ಎಂದು ಲೆಕ್ಕ ಹಾಕುವ ಕೆಲಸ. ಆ ಕೆಲಸ ಹೋದರೆ ಓದೂ ಹೋದಂತೆ, ನಾವು ಗಂಟುಮೂಟೆ ಕಟ್ಟಬೇಕು. ಇದೊಂದನ್ನು ನೆನಪಿಡಿ.

ಆಗ ಒಬ್ಬೊಬ್ಬರಿಗೊಂದು ಕಂಪ್ಯೂಟರ್ ಇರಲಿಲ್ಲ. ಇಡೀ ವಿಭಾಗಕ್ಕೆ ಒಂದೇ ದೊಡ್ಡ ಯಂತ್ರ, ಈಗ ನೀವು ಸರ್ವರ್ ಅನ್ನುತ್ತೀರಲ್ಲ, ಹಾಗೆ. ಅದು ಒಳಗಿನ ತಣ್ಣನೆಯ ಕೋಣೆಯಲ್ಲಿತ್ತು. ಹೊರಗಿನ ಕೋಣೆಯಲ್ಲಿ ಆರು ಕುರ್ಚಿ, ಒಂದೊಂದು ಕುರ್ಚಿಯ ಮುಂದೆ ಟೈಪ್‌ರೈಟರಿನಂಥ ಒಂದೊಂದು ಟರ್ಮಿನಲ್. ಬಂದವರು ತಮ್ಮ ಹೆಸರು, ಪಾಸ್‌ವರ್ಡ್ ಹೊಡೆದು ಕೆಲಸ ಮಾಡಿ ಎದ್ದು ಹೋಗುತ್ತಿದ್ದರು. ಒಳಗಿನ ಯಂತ್ರ ಉದ್ದನೆಯ ಕಾಗದದ ಮೇಲೆ ಎಲ್ಲವನ್ನೂ ತಾನೇ ಟೈಪ್ ಮಾಡುತ್ತಿತ್ತು. ಯಾರು ಒಳಗೆ ಬಂದರು, ಯಾವ ಫೈಲನ್ನು ತಿದ್ದಿದರು, ಯಾವಾಗ ಹೊರಟರು. ಆ ಕೋಣೆಯ ಮೇಲ್ವಿಚಾರಣೆ ಮೇಡಂ ಅವರದು.

ನಾನು ದಿನಾ ಮಧ್ಯಾಹ್ನ ತಾತನಿಗೆ ಊಟದ ಡಬ್ಬಿ ತೆಗೆದುಕೊಂಡು ಹೋಗಿ ಅಲ್ಲಿನ ಕಾರಿಡಾರಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಒಳಗೆ ಹೋಗಲು ನಾಚಿಕೆ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು, ಇಂಗ್ಲಿಷ್ ಕೇಳಿದರೆ ಅರ್ಧ ತಿಳಿಯುತ್ತಿತ್ತು, ಆಡಲು ನಾಲಿಗೆ ಏಳುತ್ತಿರಲಿಲ್ಲ. ಒಂದು ದಿನ ಮೇಡಂ ಬಂದು ಪಕ್ಕದಲ್ಲೇ ಕೂತರು. ಅವರು ಆಡಿದ್ದು ಇಂಗ್ಲಿಷೇ, ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಕನ್ನಡದಲ್ಲಿ.

"ದಿನಾ ಇಲ್ಲೇ ಕೂತಿರ್ತೀಯಲ್ಲ, ಇವತ್ತು ಈ ಬಾಗಿಲಿಂದ ಯಾರ್ಯಾರು ಒಳಗೆ ಹೋದ್ರು ಹೇಳು ನೋಡೋಣ."

ನಾನು ಕೈಸನ್ನೆ ಮಾಡಿ ತೋರಿಸಿದೆ. ಉದ್ದ ಕೂದಲಿನವನು, ಕೌಬಾಯ್ ಬೂಟಿನವನು, ಮೂಗು ಒರೆಸಿಕೊಳ್ಳುತ್ತಲೇ ಇದ್ದ ಹುಡುಗಿ. ಯಾರು ಯಾರ ಹಿಂದೆ, ಯಾರು ಮೊದಲು ಹೊರಬಂದರು. ಮೇಡಂ ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದರು. ನನಗೆ ಕೆಲಸ ಮಾಡುವ ಅನುಮತಿ ಇದೆಯೇ ಎಂದು ತಾತನನ್ನು ಕೇಳಿದರು. ಇತ್ತು. ಮುಂದಿನ ಸೋಮವಾರ ನನ್ನ ಕೈಗೆ ಈ ಹಸಿರು ನೋಟ್‌ಬುಕ್ ಬಂತು.

ಕೆಲಸ ಸುಲಭದ್ದೇ. ಯಾರಾದರೂ ಬಂದು ಕೂತರೆ ಗಂಟೆ, ಕುರ್ಚಿಯ ಸಂಖ್ಯೆ, ಅವರ ಹೆಸರು ಬರೆಯಬೇಕು. ಆದರೆ ನನಗೆ ಹೆಸರು ಕೇಳಲು ಬಾಯಿ ಬರಲಿಲ್ಲ. ಗುರುತಿಲ್ಲದ ಗಂಡಸರ ಹೆಸರನ್ನು ಎದುರು ನಿಂತು ಕೇಳುವುದು ಹೇಗೆ? ಆದ್ದರಿಂದ ಕಂಡದ್ದನ್ನು ಕನ್ನಡದಲ್ಲಿ ಬರೆದೆ. 'ಎರಡನೇ ಕುರ್ಚಿ, ಒಂಬತ್ತೂ ಹತ್ತು, ಕೆಂಪು ಗಡ್ಡ, ಎಡಗೈಯವನು.' 'ಐದನೇ ಕುರ್ಚಿ, ಹತ್ತೂವರೆ, ಮೂಗು ಒರೆಸುವ ಹುಡುಗಿ, ಇವತ್ತು ನೆಗಡಿ ಇಲ್ಲ.' ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನ ಮೇಡಂ ನೋಟ್‌ಬುಕ್ ತೆರೆದರು. ಕೆಲಸ ಹೋಯಿತು ಅಂದುಕೊಂಡೆ.

"ಇದರಲ್ಲಿ ಏನಿದೆ? ಓದು."

ಹರಕುಮುರುಕು ಇಂಗ್ಲಿಷಿನಲ್ಲಿ ಓದಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗಂಭೀರವಾದರು.

"ಹೆಸರನ್ನು ಆ ಯಂತ್ರ ಬರೆಯುತ್ತೆ. ಅದಕ್ಕೆ ಕಣ್ಣಿಲ್ಲ. ನೀನು ಹೀಗೇ ಬರಿ, ನಿನ್ನ ಭಾಷೆಯಲ್ಲೇ ಬರಿ. ಆದರೆ ಕಂಡದ್ದನ್ನ ಮಾತ್ರ. ನಿನಗೆ ಅನಿಸಿದ್ದನ್ನ ಬೇಡ."

ಇನ್ನೊಂದು ನಿಯಮವನ್ನೂ ಹೇಳಿದರು. ಪುಟದಲ್ಲಿ ಖಾಲಿ ಸಾಲು ಬಿಡಕೂಡದು. "ಖಾಲಿ ಬಿಟ್ಟರೆ ನಾಳೆ ಯಾರಾದರೂ ಬಂದು ಅಲ್ಲಿ ಕೂತುಬಿಡ್ತಾರೆ," ಅಂದರು. ದಿನಾ ಸಂಜೆ ಐದಕ್ಕೆ ಅವರೇ ಬಂದು ಕೊನೆಯ ಸಾಲಿನ ಕೆಳಗೆ ಉಳಿದ ಜಾಗಕ್ಕೆ ಕೆಂಪು ಪೆನ್ಸಿಲಿನಲ್ಲಿ ಓರೆಗೆರೆ ಎಳೆದು, ತಾರೀಕು ಹಾಕಿ, ಎರಡಕ್ಷರದ ಸಹಿ ಹಾಕುತ್ತಿದ್ದರು. ಒಂದಕ್ಷರವೂ ಓದಲು ಬಾರದ ಪುಟಕ್ಕೆ! ನಾನು ಒಮ್ಮೆ ಧೈರ್ಯ ಮಾಡಿ ಕೇಳಿದೆ, ನಾನು ಏನಾದರೂ ತಪ್ಪು ಬರೆದಿದ್ದರೆ? "ಬರೆದಿದ್ದೀಯಾ?" ಎಂದರು. ಇಲ್ಲ ಎಂದೆ. ಅಷ್ಟೇ, ಪೆನ್ಸಿಲು ಮತ್ತೆ ಕೂದಲಿಗೆ ಹೋಯಿತು.

ಈಗ ನಮ್ಮ ಮನೆಯ ತಪ್ಪಿಗೆ ಬರುತ್ತೇನೆ.

ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ದೊಡ್ಡ ಯಂತ್ರದ ಮೇಲೆ ಸಿಗುತ್ತಿದ್ದ ಸಮಯ ತೀರಾ ಕಡಿಮೆ. ತಾತನಿಗೆ ಪ್ರೊಫೆಸರ ಕೆಲಸವಿದ್ದದ್ದರಿಂದ ಹೆಚ್ಚು ಸಮಯವಿತ್ತು. ಅವರು ತಮ್ಮ ಪಾಸ್‌ವರ್ಡನ್ನೂ, ಯಂತ್ರಕ್ಕೆ ಒಂದಾದ ಮೇಲೊಂದು ಏನೇನು ಹೊಡೆಯಬೇಕು ಅನ್ನುವುದನ್ನೂ, ಹುಳಿಪುಡಿ ಮಾಡುವ ಕ್ರಮ ಬರೆದ ಹಾಗೆ ಒಂದು ಚೀಟಿಯಲ್ಲಿ ಬರೆದು ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಭಾನುವಾರ ನಮ್ಮಲ್ಲಿ ಊಟಕ್ಕೆ ಬಂದ ಕನ್ನಡದವರೆಲ್ಲ ಅದನ್ನು ನೋಡಿ ಬರೆದುಕೊಂಡು ಹೋಗುತ್ತಿದ್ದರು. ತಪ್ಪು ಅಂತ ನಮಗೆ ಹೊಳೆಯಲೇ ಇಲ್ಲ. ಎಲೆ ಹಾಕಿ ಕೂರಿಸಿದವರಿಂದ ಪಾಸ್‌ವರ್ಡ್ ಮುಚ್ಚಿಡುವುದು, ಬಾಗಿಲು ಹಾಕಿಕೊಂಡು ಉಂಡ ಹಾಗೆ ಅನ್ನಿಸುತ್ತಿತ್ತು.

ಹಾಗೆ ಬರುತ್ತಿದ್ದವರಲ್ಲಿ ಧಾರವಾಡದ ಕಡೆಯ ಒಬ್ಬ ವಿದ್ಯಾರ್ಥಿಯೂ ಇದ್ದ. ಅವನಿಗೆ ಅದು ಮೊದಲ ಸೆಮಿಸ್ಟರ್. ತಾತನನ್ನು ಅಣ್ಣಾರ ಎಂದೂ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೂ ಕರೆಯುತ್ತಿದ್ದ. ಬಾಯಿ ಜೋರು, ಮನಸ್ಸು ಎಳೆಯದು. ಅವನ ಹಸಿರು ಸ್ವೆಟರಿನ ಮೊಣಕೈ ಹರಿದಾಗ ಹಸಿರು ದಾರ ಸಿಗದೆ ನಾನೇ ಹಳದಿ ಉಲ್ಲನ್ನಿನಲ್ಲಿ ಹೊಲಿದುಕೊಟ್ಟಿದ್ದೆ.

ಒಂದು ಗುರುವಾರ ಪ್ರೊಫೆಸರು ಬಾವಿಗಳ ಫೈಲು ತೆರೆದರು. ವರ್ಷಗಟ್ಟಲೆ ಅಳೆದು ಸೇರಿಸಿದ ಅಂಕಿಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಯಾರದೋ ಇಪ್ಪತ್ತು ಸಾಲಿನ ಹೋಂವರ್ಕ್. ವಾರಕ್ಕೊಮ್ಮೆ ಎಲ್ಲ ಫೈಲುಗಳನ್ನೂ ಟೇಪಿಗೆ ನಕಲು ತೆಗೆಯುತ್ತಿದ್ದರು. ಆ ನಕಲು ಬುಧವಾರವೇ ಆಗಿತ್ತು, ಹಳೆಯ ನಕಲಿನ ಮೇಲೆಯೇ. ಹಾಳಾದದ್ದು ಅದಕ್ಕಿಂತ ಒಂದು ದಿನ ಮೊದಲು, ಹಾಗಾಗಿ ನಕಲಿನಲ್ಲೂ ಇದ್ದದ್ದು ಆ ಹೋಂವರ್ಕೇ. ಯಂತ್ರದ ಉದ್ದ ಕಾಗದವನ್ನು ಬಿಡಿಸಿ ನೋಡಿದರು. ಮಂಗಳವಾರ ಮಧ್ಯಾಹ್ನ ಎರಡೂ ನಲವತ್ತು, ನಾಲ್ಕನೇ ಕುರ್ಚಿ, ಫೈಲು ಬದಲಾಗಿದೆ. ಬದಲಿಸಿದವರ ಹೆಸರು ನಿಮ್ಮ ತಾತನದು.

"ನಾನು ಆಗ ಅಲ್ಲಿರಲಿಲ್ಲ," ಅಂದರು ತಾತ. ಅದು ನಿಜ. ಆ ಹೊತ್ತಿನಲ್ಲಿ ಅವರು ಲೈಬ್ರರಿಯಲ್ಲಿ ಒಬ್ಬರೇ ಓದುತ್ತಿದ್ದರು, ಕಂಡವರು ಯಾರೂ ಇಲ್ಲ. ಪ್ರೊಫೆಸರು ಕಾಗದದ ಮೇಲೆ ಬೆರಳಿಟ್ಟು, ತಪ್ಪನ್ನು ಬೇಕಾದರೆ ಕ್ಷಮಿಸುತ್ತೇನೆ, ಸುಳ್ಳನ್ನಲ್ಲ, ಸೋಮವಾರ ಬೆಳಿಗ್ಗೆ ಮಾತಾಡೋಣ, ನಿನ್ನ ಕೆಲಸದ ವಿಷಯವನ್ನೂ ಅವತ್ತೇ ತೀರ್ಮಾನ ಮಾಡೋಣ ಎಂದರು.

ಶುಕ್ರವಾರ ನಾನು ನೋಟ್‌ಬುಕ್ಕಿನ ಮಂಗಳವಾರದ ಪುಟ ತೆಗೆದೆ. ನನ್ನದೇ ಕೈಬರಹ. ಓದಿ ಮುಚ್ಚಿಬಿಟ್ಟೆ.

ಭಾನುವಾರ ಎಂದಿನಂತೆ ಧಾರವಾಡದವನು ಊಟಕ್ಕೆ ಬಂದ. ತಾತನ ಮುಖ ಬಾಡಿತ್ತು. ಅವನು ಅವರನ್ನು ನಗಿಸಲು ಹೊರಟ.

"ಏನ್ರಿ ಅಣ್ಣಾರ, ನಿಮ್ಮ ಫೈಲಿನಾಗ ಯಾರ ದನಾ ಮೇಯ್ದು ಹೋತ್ರಿ? ಹೊಲಕ್ಕ ಬೇಲಿ ಇಲ್ಲಂದ್ರ ಹಿಂಗ ಆಗೂದು."

"ಸುಮ್ನೆ ಊಟ ಮಾಡೋ," ಅಂದರು ತಾತ.

"ಅಲ್ರಿ, ಆ ದನಾ ಸಿಕ್ಕರ ನನಗ ಹೇಳ್ರಿ, ಹಗ್ಗಾ ಹಾಕಿ ಪ್ರೊಫೆಸರ ಮನಿ ಮುಂದ ಕಟ್ಟತೀನಿ. ವೈನಿ, ಇನ್ನೊಂದೀಟು ಸಾರು ಹಾಕ್ರಿ."

ನನ್ನ ಕೈಯಲ್ಲಿ ಸೌಟು ಇತ್ತು. ಅವನ ಮೊಣಕೈಯಲ್ಲಿ ನನ್ನ ಹಳದಿ ಉಲ್ಲನ್ನು ಕಾಣುತ್ತಿತ್ತು. ಸಾರು ಹಾಕಿದೆ. ಅವನು ಉಂಡು ಮುಗಿಸುವವರೆಗೂ ಕಾದೆ. ಉಣ್ಣುವವನನ್ನು ಎಬ್ಬಿಸಬಾರದು.

ಅವನು ಸಿಂಕಿನ ಹತ್ತಿರ ಕೈ ತೊಳೆಯುವಾಗ ಕೇಳಿದೆ. "ಮಂಗಳವಾರ ಎರಡೂವರೆಗೆ ನಾಲ್ಕನೇ ಕುರ್ಚೀಲಿ ಕೂತಿದ್ದೆಯಲ್ಲ, ಹೋಂವರ್ಕನ್ನ ಯಾವ ಹೆಸರಲ್ಲಿ ಇಟ್ಟೆ?"

"ಆ ಚೀಟಿಯೊಳಗ ಇದ್ದಂಗ ಹೊಡದೇನ್ರಿ," ಎಂದು ಫ್ರಿಜ್ಜಿನ ಕಡೆ ಕೈ ತೋರಿಸಿದ. ಹಾಗೇ ಚೀಟಿಯ ಹತ್ತಿರ ಹೋಗಿ ಕೊನೆಯ ಸಾಲು ಓದಿದ. ಫೈಲನ್ನು ಉಳಿಸುವ ಸಾಲು ಅದು. ತಾತ ಅಲ್ಲಿ ಉದಾಹರಣೆಗೆಂದು ಬರೆದಿದ್ದದ್ದು ಬಾವಿಗಳ ಫೈಲಿನ ಹೆಸರನ್ನೇ. ಅವನು ತನ್ನ ಫೈಲಿನ ಹೆಸರು ಹಾಕುವ ಬದಲು ಅದನ್ನೇ ಅಕ್ಷರ ಬಿಡದೆ ನಕಲು ಮಾಡಿದ್ದ.

ಅವನ ಕೈಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

"ವೈನಿ... ನೀವು ಅದನ್ನ ಬರದೀರಿ?"

"ಬರೆದಿದ್ದೀನಿ."

"ಕನ್ನಡದಾಗ?"

"ಹೂಂ."

"ಹಂಗಾರ ಯಾರಿಗೂ ಓದಾಕ ಬರೂದಿಲ್ಲ..." ಅಂದವನು ತಾನೇ ನಾಚಿ ತಲೆ ತಗ್ಗಿಸಿದ.

ತಾತ ಎದ್ದು ಬಂದಿದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಚೀಟಿಯನ್ನು ಕಿತ್ತು ಕೈಯಲ್ಲಿ ಮುದುರಿದರು. "ನಾಳೆ ಅವರ ಮುಂದೆ ಆ ಪುಟ ಓದಬೇಡ ಕಣೇ. ಪಾಸ್‌ವರ್ಡ್ ಕೊಟ್ಟವನು ನಾನು, ಫೈಲಿನ ಹೆಸರು ಬರೆದಿಟ್ಟವನೂ ನಾನು. ನಾನೇ ಮಾಡಿದೆ ಅಂತೀನಿ. ಇವನು ಬಂದು ಮೂರು ತಿಂಗಳೂ ಆಗಿಲ್ಲ, ವಾಪಸ್ಸು ಕಳಿಸಿಬಿಡ್ತಾರೆ."

"ನೀವು ಅಲ್ಲಿರಲಿಲ್ಲ ಅಂತ ಆಗಲೇ ಹೇಳಿದ್ದೀರಲ್ರೀ," ಅಂದೆ. "ಈಗ ನಾನೇ ಅಂದ್ರೆ ಸುಳ್ಳುಗಾರ ಅಂತ ನೀವೇ ಒಪ್ಪಿಕೊಂಡ ಹಾಗಾಗಲ್ವಾ? ಅವರು ಕ್ಷಮಿಸಲ್ಲ ಅಂದದ್ದು ಅದನ್ನೇ."

ಅವನು ಸ್ವೆಟರಿನ ತೋಳಿಗೇ ಕೈ ಒರೆಸಿಕೊಂಡು ಹೊರಟುಹೋದ.

ಸೋಮವಾರ ಎಲ್ಲರಿಗಿಂತ ಮೊದಲು ಮೇಡಂ ಹತ್ತಿರ ಹೋದೆ. ನನಗೆ ಆ ಪುಟ ಓದಲು ಇಷ್ಟವಿಲ್ಲ ಎಂದೆ. ಓದದಿದ್ದರೆ ಗಂಡನಿಗೆ ಕಷ್ಟ, ಓದಿದರೆ ಇನ್ನೊಬ್ಬನಿಗೆ ಕಷ್ಟ ಅಂದೆ. ಮೇಡಂ ಕೂದಲಿನಿಂದ ಪೆನ್ಸಿಲು ತೆಗೆದು ಮೇಜಿನ ಮೇಲಿಟ್ಟರು.

"ಇದನ್ನೇ ಓದು ಅಂತ ನಾನು ಹೇಳಲ್ಲ. ಹೇಳೋಕೆ ನನಗೆ ಆ ಅಕ್ಷರಾನೇ ಬರಲ್ಲ. ನೀನು ಏನು ಓದಿದರೂ ನಾನು ನಂಬಬೇಕು, ಅವರೂ ನಂಬಬೇಕು. ಪ್ರತಿ ಪುಟದ ಕೆಳಗೂ ನನ್ನ ಸಹಿ ಇದೆ, ಅಷ್ಟು ಮಾತ್ರ ನನಗೆ ಗೊತ್ತು."

ಬೈದಿದ್ದರೂ ಇಷ್ಟು ನಾಟುತ್ತಿರಲಿಲ್ಲ.

ಹತ್ತು ಗಂಟೆಗೆ ಪ್ರೊಫೆಸರು ಬಂದರು. ಹೆಂಡತಿ ಬರೆದ ನೋಟ್‌ಬುಕ್ಕು ಗಂಡನಿಗೆ ಸಾಕ್ಷಿಯೇ ಎಂದು ಮೊದಲು ನಕ್ಕುಬಿಟ್ಟರು. ಅದೂ ಯಾರಿಗೂ ಗೊತ್ತಿಲ್ಲದ ಲಿಪಿಯಲ್ಲಿ, ನಿನ್ನೆ ಕೂತು ಬರೆದಿದ್ದರೆ? ಮೇಡಂ ನೋಟ್‌ಬುಕ್ಕನ್ನು ಅವರ ಮುಂದಿಟ್ಟು ಒಂದೊಂದೇ ಪುಟ ತಿರುಗಿಸುತ್ತಾ ಹೋದರು. ಎಲ್ಲ ಪುಟದಲ್ಲೂ ಓರೆಗೆರೆ, ತಾರೀಕು, ಕೆಂಪು ಸಹಿ. ಒಂದು ಸಾಲನ್ನೂ ತುರುಕಲು ಎಲ್ಲಿಯೂ ಜಾಗವಿರಲಿಲ್ಲ. ಪ್ರೊಫೆಸರ ನಗು ನಿಂತಿತು.

"ಓದಮ್ಮ," ಅಂದರು ಮೇಡಂ.

ನಿಂತುಕೊಂಡು ಓದಿದೆ. ನಾನು ಗಂಡಸರ ಎದುರು ದನಿ ಎತ್ತಿದ್ದು ಅದೇ ಮೊದಲು. ಒಂದನೇ ಕುರ್ಚಿ, ಎರಡನೇ ಕುರ್ಚಿ... ದನಿ ಇಳಿಯುತ್ತಿದ್ದ ಹಾಗೆ ಮೇಡಂ "ಜೋರಾಗಿ" ಅಂದರು. "ಎರಡು ಗಂಟೆ ಇಪ್ಪತ್ತೈದು ನಿಮಿಷ. ನಾಲ್ಕನೇ ಕುರ್ಚಿ. ಹಸಿರು ಸ್ವೆಟರ್, ಬಲ ಮೊಣಕೈಗೆ ಹಳದಿ ಉಲ್ಲನ್ನಿನ ಹೊಲಿಗೆ. ಎರಡೂ ಐವತ್ತಕ್ಕೆ ಎದ್ದು ಹೋದ."

ಅಷ್ಟೇ ಇದ್ದದ್ದು. ಪ್ರೊಫೆಸರು ಕೇಳಿದರು, ಯಾರವನು?

ನಾನು ತಾತನ ಮುಖ ನೋಡಿದೆ. ತಾತ ಕಿಟಕಿಯ ಕಡೆ ನೋಡುತ್ತಿದ್ದರು. ಆಗ ಮೇಡಂ ಹೇಳಿದರು, "ಬರೆದದ್ದನ್ನು ಅವಳು ಓದಿದ್ದಾಳೆ. ಹೆಸರು ಬರೆಯುವುದು ಅವಳ ಕೆಲಸವಾಗಿರಲಿಲ್ಲ. ಆ ಕುರ್ಚಿಯಲ್ಲಿ ನಿಮ್ಮ ಹುಡುಗ ಇರಲಿಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಉಳಿದದ್ದು ಆ ಸ್ವೆಟರಿನವನಿಗೆ ಬಿಟ್ಟದ್ದು."

ಕಾರಿಡಾರಿನಲ್ಲಿ ಯಾರೋ ಬೆಂಚಿನಿಂದ ಎದ್ದ ಸದ್ದಾಯಿತು. ನಾನು ಡಬ್ಬಿ ಹಿಡಿದು ಕೂರುತ್ತಿದ್ದ ಬೆಂಚು ಅದು. ಬಾಗಿಲು ತೆರೆಯಿತು. ಅವನು ಅದೇ ಸ್ವೆಟರ್ ಹಾಕಿಕೊಂಡು ಬಂದಿದ್ದ. ಬೆಳಗಿನಿಂದ ಅಲ್ಲಿಯೇ ಕೂತಿದ್ದನಂತೆ. ಮಾತಿನ ಮಲ್ಲನಾಗಿದ್ದವನು ಆವತ್ತು ಆಡಿದ್ದು ಒಂದೇ ವಾಕ್ಯ. ಇಂಗ್ಲಿಷಿನಲ್ಲಿ, ಈ ಸ್ವೆಟರ್ ನನ್ನದು ಅಂದ. ಮೊಣಕೈಯನ್ನು ಎತ್ತಿ ತೋರಿಸಿದ.

ಪ್ರೊಫೆಸರು ಸಿಟ್ಟು ಮಾಡಿದರು, ಮಾಡಬೇಕಾದದ್ದೇ. ತಾತನಿಗೂ ಅವನಿಗೂ ಒಂದು ತಿಂಗಳು ಯಂತ್ರ ಮುಟ್ಟಬಾರದೆಂದು ಕಟ್ಟಪ್ಪಣೆಯಾಯಿತು. ಆದರೆ ತಾತನ ಕೆಲಸ ಉಳಿಯಿತು, ಅವನ ಓದೂ ಉಳಿಯಿತು. ಬಾವಿಯ ಬಳಿ ನಿಂತು ಕೈಯಲ್ಲಿ ಬರೆದುಕೊಂಡ ಮೂಲ ಹಾಳೆಗಳು ಪೆಟ್ಟಿಗೆಯಲ್ಲಿದ್ದವು. ಅವನ್ನೆಲ್ಲ ಮತ್ತೆ ಟೈಪ್ ಮಾಡಬೇಕಿತ್ತು. ಯಂತ್ರ ಮುಟ್ಟುವ ಹಾಗಿಲ್ಲದ ಆ ಇಬ್ಬರೂ ಅಂಕಿಗಳನ್ನು ಓದಿ ಹೇಳುತ್ತಿದ್ದರು, ಮೇಡಂ ಟೈಪ್ ಮಾಡುತ್ತಿದ್ದರು. ಅದೂ ಅವರ ರಜೆಯ ಶನಿವಾರಗಳಲ್ಲಿ. ನಾನು ಪಕ್ಕದಲ್ಲಿ ಕೂತು ತಾಳೆ ನೋಡುತ್ತಿದ್ದೆ. ಎಷ್ಟು ಶನಿವಾರ ಹಿಡಿಯಿತೋ... ಮುಗಿಯುವ ಹೊತ್ತಿಗೆ ಚಳಿ ಜೋರಾಗಿತ್ತು. ಮೇಡಂ ಪೀಕಾನ್ ಬೀಜದ ಸಿಹಿ ಪೈ ತರುತ್ತಿದ್ದರು, ನಾನು ಚಿತ್ರಾನ್ನ ಒಯ್ಯುತ್ತಿದ್ದೆ. ಹಸಿಮೆಣಸಿನಕಾಯಿಯನ್ನು ಬೀನ್ಸ್ ಎಂದುಕೊಂಡು ಕಚ್ಚಿ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ "ಟೆಕ್ಸಾಸಿನವಳು ನಾನು, ಇದೇನು ಮಹಾ" ಅಂದದ್ದು ಅವರೇ.

ತಾತ ಮಾತ್ರ ಅವತ್ತಿನಿಂದ ತಮ್ಮ ಪಾಸ್‌ವರ್ಡನ್ನು ಯಾರಿಗೂ ಹೇಳಲಿಲ್ಲ, ನನಗೂ ಇಲ್ಲ. ಅವರು ಹೋದ ಮೇಲೆ ಅವರ ಕಂಪ್ಯೂಟರ್ ತೆರೆಯಲು ನಿಮ್ಮ ಅಮ್ಮ ಎರಡು ದಿನ ಒದ್ದಾಡಿದಳು. ಅತ್ತು ಅತ್ತು ಸಾಕಾಗಿದ್ದ ಆ ದಿನಗಳಲ್ಲಿ ನನಗೆ ನಗು ಬಂದದ್ದು ಅದೊಂದಕ್ಕೇ.

ಆಮೇಲೆ ನಾವು ಹ್ಯೂಸ್ಟನ್‌ಗೆ ಶಿಫ್ಟ್ ಆದೆವು, ಅದರ ಪಕ್ಕದ ಶುಗರ್ ಲ್ಯಾಂಡಿನಲ್ಲಿ ಮನೆ ಮಾಡಿದೆವು. ಧಾರವಾಡದವನು ಓದು ಮುಗಿಸಿ ಡಲ್ಲಾಸಿನಲ್ಲಿ ನೆಲೆಸಿದ. ಈಗ ಅಲ್ಲೇ ಹತ್ತಿರದ ಮರ್ಫಿಯಲ್ಲಿ ಮಗನ ಜೊತೆ ಇದ್ದಾನೆ. ಯುಗಾದಿಗೆ ಫೋನ್ ಮಾಡಿದಾಗ ಈಗಲೂ "ವೈನಿ, ದನಾ ಕಟ್ಟೇರೇನ್ರಿ?" ಎಂದು ಕೇಳುತ್ತಾನೆ, ನಿಮಗೆ ಗೊತ್ತಿರುವ ಮರ್ಫಿ ಅಂಕಲ್ ಅವನೇ. ಆ ಕೋಣೆಗೆ ಹೊಸ ಯಂತ್ರಗಳು ಬಂದು ನೋಟ್‌ಬುಕ್ಕಿನ ಕೆಲಸ ನಿಂತಾಗ ಮೇಡಂ ಇದನ್ನು ಅಂಚೆಯಲ್ಲಿ ನನಗೆ ಕಳಿಸಿದರು. ಜೊತೆಗೆ ಒಂದು ಚೀಟಿ. 'ಇದನ್ನು ಓದಬಲ್ಲವಳ ಹತ್ತಿರವೇ ಇರಲಿ.' ಪ್ರತಿ ಕ್ರಿಸ್‌ಮಸ್‌ಗೆ ಅವರ ಕಾರ್ಡ್ ಬರುತ್ತಿತ್ತು, ಕೆಂಪು ಪೆನ್ಸಿಲಿನ ಎರಡಕ್ಷರ. ಒಂದು ವರ್ಷ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ... ಫೋನ್ ಮಾಡಿ ಕೇಳಲು ನನಗೆ ಧೈರ್ಯವಾಗಲಿಲ್ಲ. ಕೇಳದೆಯೇ ಗೊತ್ತಾಗಿತ್ತು. ಡ್ರೈವ್ ಮಾಡಿದರೆ ಮೂರು ಗಂಟೆಯ ದಾರಿ, ಅವರಿದ್ದಾಗ ಒಮ್ಮೆ ಹೋಗಿ ಬರಲಿಲ್ಲ. ನಿಮ್ಮಿಂದ ನನಗೊಂದು ದನಿ ಬಂತು ಎಂದು ಬಾಯಿಬಿಟ್ಟು ಹೇಳಲೂ ಇಲ್ಲ. ಈಗ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ, ನಿಮ್ಮ ಮನೆಯಲ್ಲೇ ಕೂತಿದ್ದೇನೆ, ಆ ಕೋಣೆ ಇದ್ದ ಕಟ್ಟಡ ಅರ್ಧ ಗಂಟೆಯ ದೂರದಲ್ಲಿದೆ. ಹೇಳಿಸಿಕೊಳ್ಳಲು ಅವರಿಲ್ಲ.

ಅನನ್ಯಾ, ಆ ಪರದೆಯ ಮೇಲೆ ನಿನ್ನ ಹೆಸರು ಇತ್ತು, ನಿಜ. ಆದರೆ ನಿನ್ನ ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆ ತೆರೆದೇ ಇತ್ತು. ಪ್ರಾಜೆಕ್ಟು ಅಳಿಸಿಹೋದ ಸಂಜೆ ಅದರ ಮುಂದೆ ಕೂತು ಗುಂಡಿ ಒತ್ತುತ್ತಿದ್ದವರಿಗೆ ಬೂದು ಬಣ್ಣದ ಟಿ-ಶರ್ಟ್ ಇತ್ತು, ಎದೆಯ ಮೇಲೆ ಕೆಚಪ್ ಕಲೆ. ನಾನು ಕಂಡದ್ದು ಇಷ್ಟು. ಹೆಸರು ಬರೆಯುವುದಿಲ್ಲ. ಉಳಿದದ್ದು ಆ ಟಿ-ಶರ್ಟಿನವನಿಗೆ ಬಿಟ್ಟದ್ದು.

ಈ ಹಾಳೆಗಳನ್ನು ನಿಮ್ಮ ಅಮ್ಮ ನಿಮಗೆ ಓದಿ ಹೇಳುತ್ತಾಳೆ. ನಾನು ಎಲ್ಲಿಯೂ ಖಾಲಿ ಸಾಲು ಬಿಟ್ಟಿಲ್ಲ, ಕೊನೆಗೆ ಓರೆಗೆರೆಯನ್ನೂ ಎಳೆದಿದ್ದೇನೆ. ಟ್ರಂಕಿನಲ್ಲಿ ಕೆಂಪು ಪೆನ್ಸಿಲ್ ಇದೆ. ನಿಮಗೆ ಇದರಲ್ಲಿ ಒಂದಕ್ಷರವೂ ಓದಲು ಬರುವುದಿಲ್ಲ ಎಂದು ನನಗೆ ಗೊತ್ತು. ಕನ್ನಡದಲ್ಲಿ ಬರೆದದ್ದೇ ಅದಕ್ಕೆ. ಮೇಡಂ ಹಾಕುತ್ತಿದ್ದ ಹಾಗೆ, ನನ್ನನ್ನು ನಂಬಿ, ಪ್ರತಿ ಪುಟದ ಕೆಳಗೆ ಇಬ್ಬರೂ ಸಹಿ ಹಾಕಿ. ಹಾಕಿ, ಹಸಿರು ನೋಟ್‌ಬುಕ್ಕಿನ ಒಳಗಿಟ್ಟು ಜೋಪಾನ ಮಾಡಿ.